ಅಡ್ಜೆಕ್ಟಿವ್‌ನ ಬಲಕ್ಕೇನು, ಎಡಕ್ಕೇನು?

ಇಂಗ್ಲಿಷ್‌ನಲ್ಲಿ ಪ್ರಿಪೊಸಿಷನ್ ತಪ್ಪುತ್ತಿದೆ ಅನ್ನಿಸಿದ ಕೂಡಲೇ ಅನೇಕರು ಪ್ರಿಪೊಸಿಷನ್‌ಗಳ ಪಟ್ಟಿ ಹಿಡಿದು ಉರುಹೊಡೆಯಲು ಕೂರುತ್ತಾರೆ. 'ಇನ್' ಎಂದರೆ ಒಳಗೆ, 'ಆನ್' ಎಂದರೆ ಮೇಲೆ, 'ಅಂಡರ್' ಎಂದರೆ ಕೆಳಗೆ. ವಸ್ತು ಎಲ್ಲಿದೆ ಎಂದು ಹೇಳಲು ಇಷ್ಟು ಸಾಕು. ಆದರೆ 'ಅಫ್ರೇಡ್', 'ಗುಡ್', 'ಅವೇರ್' ಥರದ ಪದ ಬಂತೆಂದರೆ ಈ ಪಟ್ಟಿ ಕೈಕೊಡುತ್ತದೆ. ಏಕೆಂದರೆ ಅಲ್ಲಿ ಯಾವ ಪ್ರಿಪೊಸಿಷನ್ ಬರಬೇಕೆಂದು ತೀರ್ಮಾನಿಸುವುದು ಅಡ್ಜೆಕ್ಟಿವ್, ಅಂದರೆ ಗುಣ ಅಥವಾ ಸ್ಥಿತಿ ಹೇಳುವ ಆ ಪದವೇ. ತನ್ನ ಎಡಕ್ಕೆ ಯಾವ ಅಡ್ವರ್ಬ್ ('ವೆರಿ' ಥರ ಎಷ್ಟು, ಹೇಗೆ ಎಂದು ಹೇಳುವ ಪದ) ಒಪ್ಪುತ್ತದೆ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಹಾಗಾಗಿ ಮೊದಲು ಅಡ್ಜೆಕ್ಟಿವ್ ಹಿಡಿಯಿರಿ, ಉಳಿದದ್ದು ಆಮೇಲೆ.

ಮೊದಲು ಬಲಗಡೆ ನೋಡಿ

ಕನ್ನಡದಲ್ಲಿ ನಾವು ನಾಯಿಗೆ ಹೆದರುತ್ತೇವೆ, ಚಿತ್ರ ಬಿಡಿಸುವುದರಲ್ಲಿ ಪಳಗುತ್ತೇವೆ, ಒಬ್ಬರ ಮೇಲೆ ಸಿಟ್ಟಾಗುತ್ತೇವೆ, ಒಬ್ಬರ ಜೊತೆ ಮದುವೆಯಾಗುತ್ತೇವೆ. ಈ ವಿಭಕ್ತಿಗಳನ್ನು ಇದ್ದ ಹಾಗೇ ಇಂಗ್ಲಿಷ್‌ಗೆ ಇಳಿಸಿದಾಗ 'ಗುಡ್ ಇನ್ ಡ್ರಾಯಿಂಗ್', 'ಆಂಗ್ರಿ ಆನ್ ಹಿಮ್', 'ಮ್ಯಾರೀಡ್ ವಿತ್ ಹರ್', 'ಸೀನಿಯರ್ ದ್ಯಾನ್ ಮಿ' ಹುಟ್ಟುತ್ತವೆ. ರೂಢಿಯಲ್ಲಿರುವುದು 'ಗುಡ್ ಅಟ್ ಡ್ರಾಯಿಂಗ್', 'ಆಂಗ್ರಿ ವಿತ್ ಹಿಮ್', 'ಮ್ಯಾರೀಡ್ ಟು ಹರ್', 'ಸೀನಿಯರ್ ಟು ಮಿ'. ನಾಯಿಯ ವಿಷಯಕ್ಕೆ ಬಂದರೆ 'ಅಫ್ರೇಡ್ ಆಫ್ ಡಾಗ್ಸ್'.

ಪ್ರತಿಯೊಂದಕ್ಕೂ ಕಾರಣ ಹುಡುಕುತ್ತ ಹೋದರೆ ದಾರಿ ಸಾಗದು. ಆದರೆ ಕೆಲವು ಗುಂಪುಗಳನ್ನು ಗುರುತಿಸಬಹುದು. ಕೌಶಲ ಹೇಳುವ 'ಗುಡ್', 'ಬ್ಯಾಡ್', 'ಕ್ಲೆವರ್', 'ಬ್ರಿಲಿಯಂಟ್', 'ಹೋಪ್‌ಲೆಸ್' ಇವೆಲ್ಲ 'ಅಟ್' ಬೇಡುತ್ತವೆ. ಭಾವನೆ ಹೇಳುವ 'ಅಫ್ರೇಡ್', 'ಪ್ರೌಡ್', 'ಫಾಂಡ್', 'ಅಶೇಮ್ಡ್', 'ಜೆಲಸ್' ಜೊತೆಗೆ 'ಆಫ್' ಬರುತ್ತದೆ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್‌ಫೀರಿಯರ್' ಲ್ಯಾಟಿನ್‌ನಿಂದ ಬಂದ ಹೋಲಿಕೆಯ ಪದಗಳು. 'ಗಿಂತ' ಎಂಬ ಅರ್ಥ ಅವುಗಳೊಳಗೇ ಇರುವುದರಿಂದ 'ದ್ಯಾನ್' ಬೇಡ, 'ಟು' ಸಾಕು. 'ಡಿಫರೆಂಟ್' ಮಾತ್ರ ಸ್ವಲ್ಪ ಬೇರೆ: ಬ್ರಿಟಿಷರು 'ಟು' ಎಂದೂ ಅಮೆರಿಕನ್ನರು 'ದ್ಯಾನ್' ಎಂದೂ ಬಳಸುವುದುಂಟು. 'ಡಿಫರೆಂಟ್ ಫ್ರಮ್' ಎಂದು ಬರೆದರೆ ಎಲ್ಲಿಯೂ ಯಾರೂ ತಪ್ಪು ಹಿಡಿಯುವುದಿಲ್ಲ.

ಒಂದೇ ಅಡ್ಜೆಕ್ಟಿವ್ ಪ್ರಿಪೊಸಿಷನ್ ಬದಲಾದರೆ ಅರ್ಥವನ್ನೂ ಬದಲಿಸುತ್ತದೆ. 'ಗುಡ್ ಅಟ್' ಎಂದರೆ ಕೌಶಲ, 'ಗುಡ್ ಫಾರ್' ಎಂದರೆ ಹಿತಕರ, 'ಗುಡ್ ಟು' ಎಂದರೆ ಒಬ್ಬರನ್ನು ಒಳ್ಳೆಯದಾಗಿ ನೋಡಿಕೊಳ್ಳುವುದು, 'ಗುಡ್ ವಿತ್ ಚಿಲ್ಡ್ರನ್' ಎಂದರೆ ಮಕ್ಕಳನ್ನು ನಿಭಾಯಿಸಲು ಬರುತ್ತದೆ ಎಂದು. 'ಟೈರ್ಡ್ ಫ್ರಮ್ ವಾಕಿಂಗ್' ಎಂದರೆ ನಡೆದು ಮೈ ದಣಿದಿದೆ. 'ಟೈರ್ಡ್ ಆಫ್ ವಾಕಿಂಗ್' ಎಂದರೆ ನಡೆದು ನಡೆದು ಬೇಸರ ಬಂದಿದೆ. ನೀವು ಮಾಡಬೇಕಾದ ಕೆಲಸಕ್ಕೆ 'ರೆಸ್ಪಾನ್ಸಿಬಲ್ ಫಾರ್', ಲೆಕ್ಕ ಒಪ್ಪಿಸಬೇಕಾದ ವ್ಯಕ್ತಿಗೆ 'ರೆಸ್ಪಾನ್ಸಿಬಲ್ ಟು'. 'ಫೆಮಿಲಿಯರ್' ವಾಕ್ಯವನ್ನೇ ತಿರುಗಿಸುತ್ತದೆ: 'ಐ ಆ್ಯಮ್ ಫೆಮಿಲಿಯರ್ ವಿತ್ ದಿಸ್ ನೇಮ್', 'ದಿಸ್ ನೇಮ್ ಈಸ್ ಫೆಮಿಲಿಯರ್ ಟು ಮಿ'. ಬಲ್ಲ ಮನುಷ್ಯ ಮೊದಲು ಬಂದರೆ 'ವಿತ್', ಗೊತ್ತಿರುವ ವಸ್ತು ಮೊದಲು ಬಂದರೆ 'ಟು'.

ಪ್ರಿಪೊಸಿಷನ್ ಆದಮೇಲೆ ನಾಮಪದ ಬರಬೇಕು. ಕ್ರಿಯಾಪದವೇ ಬೇಕೆಂದರೆ ಅದಕ್ಕೆ 'ಇಂಗ್' ಹಚ್ಚಬೇಕು. 'ಕೇಪಬಲ್ ಆಫ್ ಡೂ' ಅಲ್ಲ, 'ಕೇಪಬಲ್ ಆಫ್ ಡೂಯಿಂಗ್'. ಗೊಂದಲವೆಲ್ಲ 'ಟು' ಬಂದಾಗ. 'ಈಗರ್ ಟು ಲರ್ನ್' ಸರಿ, 'ಅಕಸ್ಟಮ್ಡ್ ಟು ವರ್ಕಿಂಗ್' ಕೂಡ ಸರಿ. ಎರಡನ್ನೂ ಬೇರ್ಪಡಿಸಲು ಒಂದು ಪರೀಕ್ಷೆ ಇದೆ. 'ಟು' ಆದಮೇಲೆ 'ಇಟ್' ಇಟ್ಟು ನೋಡಿ. 'ಅಕಸ್ಟಮ್ಡ್ ಟು ಇಟ್' ನಿಲ್ಲುತ್ತದೆ, ಹಾಗಾಗಿ ಅದು ಪ್ರಿಪೊಸಿಷನ್, 'ಇಂಗ್' ಬೇಕು. 'ಈಗರ್ ಟು ಇಟ್' ನಿಲ್ಲುವುದಿಲ್ಲ, ಅಲ್ಲಿ ಕ್ರಿಯಾಪದದ ಮೂಲರೂಪವೇ ಬರಬೇಕು.

ಈಗ ಎಡಗಡೆ

ಇಲ್ಲಿ ತೊಡಕು ತರುವುದು ನಮ್ಮ 'ತುಂಬಾ'. ತುಂಬಾ ಬಿಸಿ, ತುಂಬಾ ವಾಸಿ, ತುಂಬಾ ಅದ್ಭುತ ಎಂದು ಒಂದೇ ಪದದಲ್ಲಿ ಮುಗಿಸುವ ನಾವು ಇಂಗ್ಲಿಷ್‌ನಲ್ಲೂ ಎಲ್ಲದಕ್ಕೂ 'ವೆರಿ' ಅಂಟಿಸುತ್ತೇವೆ. 'ವೆರಿ' ಹೊಂದುವುದು ಹೆಚ್ಚು ಕಡಿಮೆ ಆಗಬಲ್ಲ ಗುಣಕ್ಕೆ: 'ವೆರಿ ಟೈರ್ಡ್', 'ವೆರಿ ಕೋಲ್ಡ್'. ತುತ್ತತುದಿಯ ಅರ್ಥವನ್ನು ಒಳಗೇ ಇಟ್ಟುಕೊಂಡ ಪದಕ್ಕೆ 'ಆಬ್ಸಲ್ಯೂಟ್ಲಿ' ಬೇಕು: 'ಆಬ್ಸಲ್ಯೂಟ್ಲಿ ಎಕ್ಸಾಸ್ಟೆಡ್', 'ಆಬ್ಸಲ್ಯೂಟ್ಲಿ ಫ್ರೀಜಿಂಗ್'. 'ಬೆಟರ್', 'ಬಿಗರ್' ಥರದ ಹೋಲಿಕೆಯ ರೂಪಕ್ಕೆ ಎರಡೂ ಸಲ್ಲವು. ಅಲ್ಲಿ 'ಮಚ್ ಬೆಟರ್' ಅಥವಾ 'ಫಾರ್ ಬೆಟರ್'. 'ಕ್ವೈಟ್' ಬಳಸುವಾಗ ಎಚ್ಚರ ಬೇಕು. ಬ್ರಿಟಿಷ್ ಇಂಗ್ಲಿಷ್‌ನಲ್ಲಿ 'ಕ್ವೈಟ್ ಗುಡ್' ಎಂದರೆ ಪರವಾಗಿಲ್ಲ ಎಂಬಷ್ಟೇ ಹೊಗಳಿಕೆ. 'ಕ್ವೈಟ್ ಇಂಪಾಸಿಬಲ್' ಎಂದರೆ ಸುತಾರಾಂ ಆಗದು.

'ಟೂ' ಕೂಡ 'ತುಂಬಾ' ಅಲ್ಲ. ಅದರಲ್ಲಿ ಮಿತಿ ಮೀರಿತು ಎಂಬ ದೂರು ಇರುತ್ತದೆ. ಸಂತೋಷದ ಸುದ್ದಿಗೆ 'ಐ ಆ್ಯಮ್ ಟೂ ಹ್ಯಾಪಿ' ಎಂದರೆ ಕೇಳುವವರು ಮುಂದಿನ ತೊಂದರೆಗೆ ಕಾಯುತ್ತಾರೆ. 'ದ ವಾಟರ್ ಈಸ್ ಟೂ ಹಾಟ್ ಟು ಡ್ರಿಂಕ್' ಎನ್ನುವುದು ಅದರ ಸರಿಯಾದ ಜಾಗ. ಈ ವಾಕ್ಯದ ಕೊನೆಗೆ 'ಇಟ್' ಸೇರಿಸಬೇಡಿ. ಕುಡಿಯುವ ವಸ್ತು 'ವಾಟರ್' ಎಂದು ಆಗಲೇ ಬಂದಾಗಿದೆ. ಎಡಕ್ಕೆ ಬಾರದ ಅಡ್ವರ್ಬ್ ಒಂದಿದೆ, ಅದು 'ಇನಫ್'. ಅದು ಅಡ್ಜೆಕ್ಟಿವ್‌ಗೂ ಪ್ರಿಪೊಸಿಷನ್‌ಗೂ ನಡುವೆ ಕೂರುತ್ತದೆ: 'ಗುಡ್ ಇನಫ್ ಫಾರ್ ಮಿ'.

ಇದರಾಚೆಗೆ ಬರೀ ರೂಢಿಯಿಂದ ಗಟ್ಟಿಯಾದ ಜೋಡಿಗಳಿವೆ. ನಿದ್ದೆ 'ಫಾಸ್ಟ್ ಅಸ್ಲೀಪ್', ಎಚ್ಚರ 'ವೈಡ್ ಅವೇಕ್'. 'ವೆರಿ ಅಸ್ಲೀಪ್' ಎಂದು ಯಾರೂ ಅನ್ನುವುದಿಲ್ಲ. ಅಡ್ವರ್ಬ್, ಅಡ್ಜೆಕ್ಟಿವ್, ಪ್ರಿಪೊಸಿಷನ್ ಮೂರೂ ಸೇರಿದಾಗ 'ಫುಲ್ಲಿ ಅವೇರ್ ಆಫ್', 'ಕೀನ್ಲಿ ಇಂಟರೆಸ್ಟೆಡ್ ಇನ್', 'ಕ್ಲೋಸ್ಲಿ ರಿಲೇಟೆಡ್ ಟು', 'ಹೆವಿಲಿ ಡಿಪೆಂಡೆಂಟ್ ಆನ್', 'ಎಂಟೈರ್ಲಿ ಡಿಫರೆಂಟ್ ಫ್ರಮ್'. ಇವನ್ನು ಬಿಡಿಸದೆ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ, ಕೆಳಗೆ ನಿಮ್ಮದೇ ಒಂದು ವಾಕ್ಯ ಇರಲಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಅಡ್ಜೆಕ್ಟಿವ್ ತೆರೆದರೆ ಜೊತೆಗೆ ಬರುವ ಪ್ರಿಪೊಸಿಷನ್ ಅಲ್ಲೇ ಸಿಗುತ್ತದೆ. ಪ್ರಿಪೊಸಿಷನ್ ತೆರೆದು ಹುಡುಕಿದರೆ ಪುಟಗಟ್ಟಲೆ ಅರ್ಥಗಳಲ್ಲಿ ಕಳೆದುಹೋಗುತ್ತೀರಿ.

ಸೇರಿಸಿದ್ದನ್ನು ಎಲ್ಲಿಡಬೇಕು?

ಕನ್ನಡದಲ್ಲಿ 'ಚಿತ್ರ ಬಿಡಿಸುವುದರಲ್ಲಿ ಜಾಣ ಹುಡುಗ' ಎನ್ನುವಾಗ ಎಲ್ಲವೂ ಹುಡುಗನಿಗಿಂತ ಮೊದಲೇ ಬರುತ್ತದೆ. ಇಂಗ್ಲಿಷ್‌ನಲ್ಲಿ 'ಎ ಗುಡ್ ಅಟ್ ಡ್ರಾಯಿಂಗ್ ಬಾಯ್' ಆಗದು. ಒಂಟಿ ಅಡ್ಜೆಕ್ಟಿವ್, ಅಥವಾ ಅಡ್ವರ್ಬ್ ಜೊತೆಗಿರುವ ಅಡ್ಜೆಕ್ಟಿವ್, ನಾಮಪದದ ಮೊದಲು ಬರಬಹುದು: 'ಎ ವೆರಿ ಟೈರ್ಡ್ ಮ್ಯಾನ್'. ಬಲಕ್ಕೆ ಪ್ರಿಪೊಸಿಷನ್ ಅಂಟಿತೆಂದರೆ ಇಡೀ ಗುಂಪು ನಾಮಪದದ ಆಚೆಗೆ ಹೋಗಬೇಕು: 'ಎ ಮ್ಯಾನ್ ಟೈರ್ಡ್ ಆಫ್ ವೇಟಿಂಗ್'. 'ಡಿಫರೆಂಟ್', 'ಸಿಮಿಲರ್' ಥರದ ಕೆಲವಕ್ಕೆ ಮಾತ್ರ ನಡುವೆ ಒಡೆಯುವ ಸ್ವಾತಂತ್ರ್ಯವಿದೆ: 'ಎ ಡಿಫರೆಂಟ್ ಬುಕ್ ಫ್ರಮ್ ಮೈನ್'.

ಪ್ರಶ್ನೆ ಕೇಳುವಾಗ ಪ್ರಿಪೊಸಿಷನ್ ಉದುರಿಹೋಗದಂತೆ ನೋಡಿಕೊಳ್ಳಿ. 'ವಾಟ್ ಆರ್ ಯೂ ಅಫ್ರೇಡ್?' ಅರ್ಧ ವಾಕ್ಯ. 'ವಾಟ್ ಆರ್ ಯೂ ಅಫ್ರೇಡ್ ಆಫ್?' ಪೂರ್ಣ ವಾಕ್ಯ. ಪ್ರಿಪೊಸಿಷನ್‌ನಿಂದ ವಾಕ್ಯ ಮುಗಿಸಬಾರದೆಂಬ ಹಳೆಯ ನಂಬಿಕೆಗೆ ಅಂಜಿ ಅದನ್ನು ಕಿತ್ತುಹಾಕುವುದು ಬೇಡ.

ಅಡ್ಜೆಕ್ಟಿವ್ ಇಲ್ಲದೆ ಅಡ್ವರ್ಬ್ ನೇರವಾಗಿ ಪ್ರಿಪೊಸಿಷನ್‌ಗೆ ಆತುಕೊಳ್ಳುವುದೂ ಉಂಟು. ಅಲ್ಲಿಯೂ 'ವೆರಿ' ಬಾರದು. ಸರಿಯಾಗಿ ಬಾಗಿಲ ಹಿಂದೆಯೇ ಎನ್ನಲು 'ರೈಟ್ ಬಿಹೈಂಡ್ ದ ಡೋರ್', ಸರಾಸರಿಗಿಂತ ಸಾಕಷ್ಟು ಕೆಳಗೆ ಎನ್ನಲು 'ವೆಲ್ ಬಿಲೋ ದ ಆವರೇಜ್', ಸ್ವಲ್ಪ ಹೊತ್ತಿನ ನಂತರ ಎನ್ನಲು 'ಶಾರ್ಟ್ಲಿ ಆಫ್ಟರ್'. ಅಳತೆ ಹೇಳುವುದಿದ್ದರೆ ಅದೂ ಇದೇ ಜಾಗದಲ್ಲಿ: 'ಟೆನ್ ಮೀಟರ್ಸ್ ಬಿಲೋ ದ ಸರ್ಫೇಸ್'. ಇನ್ನು ಅಡ್ಜೆಕ್ಟಿವ್‌ಗೆ 'ಲಿ' ಹಚ್ಚಿ ಮಾಡಿದ ಕೆಲವು ಅಡ್ವರ್ಬ್‌ಗಳು ತಮ್ಮ ಹಳೆಯ ಪ್ರಿಪೊಸಿಷನ್ನನ್ನು ಬಿಟ್ಟುಕೊಡುವುದಿಲ್ಲ. 'ಡಿಫರೆಂಟ್ ಫ್ರಮ್' ಇದ್ದದ್ದು 'ಡಿಫರೆಂಟ್ಲಿ ಫ್ರಮ್' ಆಗುತ್ತದೆ, 'ಇಂಡಿಪೆಂಡೆಂಟ್ ಆಫ್' ಇದ್ದದ್ದು 'ಇಂಡಿಪೆಂಡೆಂಟ್ಲಿ ಆಫ್' ಆಗುತ್ತದೆ. 'ಡಿಪೆಂಡೆಂಟ್ ಆನ್' ನೆನಪಿನಲ್ಲಿಟ್ಟುಕೊಂಡು 'ಇಂಡಿಪೆಂಡೆಂಟ್ ಆನ್' ಎಂದು ಬರೆಯುವವರು ಬಹಳ. ಪದದ ಮೊದಲಿಗೆ 'ಇನ್' ಸೇರಿ ಅರ್ಥ ತಿರುಗಿದಾಗ ಪ್ರಿಪೊಸಿಷನ್ ಕೂಡ ಬದಲಾಗಿದೆ, ಹಾಗಾಗಿ ಅವೆರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದುಕೊಳ್ಳಿ.