ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನಮ್ಮವರ ಕೊನೆಯ ದಿನಗಳು: ಮೊದಲೇ ಗೊತ್ತಿರಬೇಕಾದದ್ದು

ಹುಬ್ಬಳ್ಳಿಯ ನಮ್ಮ ಕಾಕಾ ಲೆಸ್ಟರ್‌ನಲ್ಲಿ ಕೊನೆಯ ವಾರ ಆಸ್ಪತ್ರೆಯಲ್ಲಿದ್ದಾಗ ಗದಗಿನಿಂದ ಅತ್ತಿ ದಿನಾ ವಿಡಿಯೊ ಕಾಲ್ ಮಾಡುತ್ತಿದ್ದರು. "ಐಸಿಯುದಾಗ ಯಾಕ ಇಟ್ಟಿಲ್ಲೋ? ರೊಕ್ಕಾ ಕಟ್ಟಬೇಕಂದ್ರ ಕಳಸ್ತೀವಿ." ರೊಕ್ಕದ ಪ್ರಶ್ನೆಯೇ ಇರಲಿಲ್ಲ. ಹಿಂದಿನ ದಿನ ಡಾಕ್ಟರ್ ನಮ್ಮನ್ನು ಪಕ್ಕದ ರೂಮಿಗೆ ಕರೆದು ಡಿಎನ್‌ಎಸಿಪಿಆರ್ ಅನ್ನೋ ಫಾರ್ಮ್ ತೋರಿಸಿದ್ದರು. ಇವರು ಕೈಬಿಟ್ಟರು ಅಂತಲೇ ನಾನು ತಿಳಿದೆ.

ಹಾಗಲ್ಲ. ಹೃದಯ ನಿಂತರೆ ಎದೆ ಒತ್ತುವುದಿಲ್ಲ, ಶಾಕ್ ಕೊಡುವುದಿಲ್ಲ ಅನ್ನುವುದಷ್ಟೇ ಅದರ ಅರ್ಥ. ನೋವಿನ ಔಷಧಿ, ಬೇಕಾದರೆ ಆಂಟಿಬಯೋಟಿಕ್, ಆರೈಕೆ ಎಲ್ಲ ನಡೆಯುತ್ತಲೇ ಇರುತ್ತದೆ. ಅದಕ್ಕೆ ನಿಮ್ಮ ಸಹಿ ಬೇಕಿಲ್ಲ, ಅದು ಡಾಕ್ಟರ ನಿರ್ಧಾರ. ಆದರೆ ರೋಗಿಯ ಜೊತೆ, ಅವರಿಗೆ ಆಗದಿದ್ದರೆ ಮನೆಯವರ ಜೊತೆ ಮಾತಾಡಬೇಕು. ರೋಗಿಯ ಜೊತೆ ಮಾತಾಡಬೇಕು ಅನ್ನುವುದನ್ನು 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೇ ಸ್ಪಷ್ಟವಾಗಿ ಹೇಳಿದೆ. ಒಪ್ಪಿಗೆ ಆಗದಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ, ಸಂಕೋಚ ಬೇಡ. ರೋಗಿಯನ್ನು ಮನೆಗೆ ಕರೆತಂದರೆ ಆ ಫಾರ್ಮ್ ಕೈಗೆ ಸಿಗುವ ಜಾಗದಲ್ಲೇ ಇರಲಿ. ಆಂಬುಲೆನ್ಸ್‌ಗೆ ಅಂತ 999ಕ್ಕೆ ಫೋನ್ ಮಾಡಿದಾಗ ಬಂದವರಿಗೆ ಅದು ಕಾಣದಿದ್ದರೆ ಎದೆ ಒತ್ತಲು ಶುರು ಮಾಡಬಹುದು.

ನಮ್ಮವರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಊರಲ್ಲಿ ಹಿರಿಮಗ ಹೇಳಿದ್ದೇ ಮಾತು, ಅಲ್ವಾ? ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್ ಪ್ರಕಾರ ಮಗ, ಹೆಂಡತಿ ಅನ್ನುವ ಕಾರಣಕ್ಕೇ ಯಾರಿಗೂ ನಿರ್ಧಾರದ ಹಕ್ಕು ಬರುವುದಿಲ್ಲ. ರೋಗಿಗೆ ಬುದ್ಧಿ ಸ್ಪಷ್ಟ ಇದ್ದರೆ ಅವರದೇ ಮಾತು, ಇಲ್ಲದಿದ್ದರೆ ಡಾಕ್ಟರು ನಿಮ್ಮನ್ನು ಕೇಳಿ ಅವರ ಹಿತ ನೋಡಿ ನಿರ್ಧರಿಸುತ್ತಾರೆ. ಮಗನೇ ನಿರ್ಧರಿಸಬೇಕು ಅಂತಿದ್ದರೆ ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಆರೋಗ್ಯದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಮುಂದೆ ತಮಗೆ ಆಗದಿದ್ದಾಗ ತಮ್ಮ ಪರವಾಗಿ ನಿರ್ಧರಿಸಲು ಕೊಡುವ ಅಧಿಕಾರಪತ್ರ) ಮಾಡಿಸಿ ನೋಂದಾಯಿಸಿರಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಹಾಸಿಗೆ ಹಿಡಿದ ಮೇಲೆ ಓಡಾಡಿ ಉಪಯೋಗವಿಲ್ಲ.

"ಅಪ್ಪಗ ಹೇಳಬ್ಯಾಡ್ರಿ" ಅಂತ ರೋಗಿಯಿಂದಲೇ ಕಾಯಿಲೆ ಮುಚ್ಚಿಡುವ ನಮ್ಮ ರೂಢಿಯೂ ಅಲ್ಲಿ ನಡೆಯುವುದು ಕಷ್ಟ. ಇಂಗ್ಲಿಷ್ ಬಾರದವರಿಗೆ ಆಸ್ಪತ್ರೆಯೇ ದುಭಾಷಿಯನ್ನು ಕೊಡುತ್ತದೆ, ದುಡ್ಡಿಲ್ಲ. ದಯವಿಟ್ಟು ಮೊಮ್ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ.

ಪ್ಯಾಲಿಯೇಟಿವ್ ಟೀಮ್ (ನೋವು, ಸಂಕಟ ಕಡಿಮೆ ಮಾಡುವ ತಂಡ) ಅಂದರೆ ಬೆಚ್ಚಬೇಡಿ, ಅವರನ್ನು ಬೇಗ ಕರೆದಷ್ಟೂ ಒಳ್ಳೆಯದು. ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್ ಆರೈಕೆಗೂ ದುಡ್ಡಿಲ್ಲ, ಮನೆಗೂ ಬರುತ್ತಾರೆ. ಕಾಕಾಗೆ ಸಿರಿಂಜ್ ಡ್ರೈವರ್ ಹಾಕಿದ್ದರು: ಬ್ಯಾಟರಿಯ ಪುಟ್ಟ ಪಂಪು, 24 ತಾಸು ಚರ್ಮದ ಕೆಳಗೆ ಔಷಧಿ ಹನಿಸುತ್ತಿರುತ್ತದೆ. ಇದನ್ನು ಹಾಕಿದ್ದಕ್ಕೇ ಜೀವ ಹೋಯಿತು ಅಂತ ಎಷ್ಟೋ ಮನೆಗಳಲ್ಲಿ ಕೊರಗು ಉಳಿಯುತ್ತದೆ. ಯಾವ ಔಷಧಿ, ಎಷ್ಟು, ಯಾಕೆ ಅಂತ ನರ್ಸ್‌ಗೆ ಕೇಳಿ. ನಮಗೆ ಬಿಡಿಸಿ ಹೇಳಿದರು.

ಲಿಂಗಾಯತರಿಗೆ ಒಂದು ಮಾತು. ಕೊರಳಿನ ಲಿಂಗ ತೆಗೆಯಬಾರದು ಅಂತ ಮೊದಲೇ ಹೇಳಿ ನೋಟ್ಸ್‌ನಲ್ಲಿ ಬರೆಸಿ. ನಾವು ಬರೆಸಿದ್ದೆವು. ಮೈ ಒರೆಸಲು ಬಂದ ನರ್ಸ್ ಶಿವದಾರವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ಕೆಳಗೆ ಒರೆಸಿ, ಮತ್ತೆ ಎದೆಯ ಮೇಲೆ ಇಟ್ಟಳು. ನುಂಗಲು ಆಗುತ್ತಿರಲಿಲ್ಲ, ಹಾಗಾಗಿ ಅವಳನ್ನು ಕೇಳಿಯೇ ಪಾದೋದಕವನ್ನು ತುಟಿಗೆ ಮಾತ್ರ ಸವರಿದೆವು.

ಆಮೇಲಿನದು ಕಾಗದದ ಕೆಲಸ. 2024ರ ಸೆಪ್ಟೆಂಬರಿನಿಂದ ಕೊರೋನರ್ (ಅನುಮಾನಾಸ್ಪದ, ಅಸಹಜ ಸಾವುಗಳ ತನಿಖಾಧಿಕಾರಿ) ನೋಡದ ಎಲ್ಲ ಸಾವನ್ನೂ ಮೆಡಿಕಲ್ ಎಕ್ಸಾಮಿನರ್ ಅನ್ನುವ ಹಿರಿಯ ಡಾಕ್ಟರು ಪರಿಶೀಲಿಸುತ್ತಾರೆ, ಅವರು ಕಾಗದ ಕಳಿಸಿದ ಮೇಲೆ 5 ದಿನದೊಳಗೆ ನೋಂದಣಿ. ದೇಹವನ್ನು ಊರಿಗೆ ಒಯ್ಯುವುದಾದರೆ ಕೊರೋನರ್ ಅನುಮತಿ ಬೇಕು, ಕನಿಷ್ಠ 4 ದಿನ ಮುಂಚೆ ಕೇಳಬೇಕು. ಅದು ಕೈಗೆ ಬರುವ ತನಕ ಗದಗಿನವರಿಗೆ ಮಣ್ಣಿನ ದಿನ ಹೇಳಬೇಡಿ.