ಇಪ್ಪತ್ತು ಕೋಟಿ ಜೋಡಿಗಳಲ್ಲಿ ಹುಡುಕಾಡಿದ್ದು

ಯಾವ ಜೀನ್‌ಗಳು ಒಟ್ಟಿಗೆ ಏರಿಳಿಯುತ್ತವೆ ಎಂದು ಹುಡುಕಲು ಹೊರಟಿದ್ದೆ. ಕೈಯಲ್ಲಿದ್ದದ್ದು ಪ್ರತಿ ಜೀನ್ ಎಷ್ಟು ಚುರುಕಾಗಿದೆ ಎಂದು ತೋರಿಸುವ, 60 ಸ್ಯಾಂಪಲ್‌ಗಳ ಆರ್‌ಎನ್‌ಎ ಡೇಟಾ, ಸುಮಾರು 20,000 ಜೀನ್‌ಗಳು. ಎರಡೆರಡಾಗಿ ಜೋಡಿಸಿದರೆ ಹತ್ತಿರಹತ್ತಿರ 20 ಕೋಟಿ ಜೋಡಿ. ಪಿ-ಮೌಲ್ಯಕ್ಕೆ (ಸಂಬಂಧ ಇಲ್ಲದಿದ್ದರೂ ಇಷ್ಟು ಹೊಂದಿಕೆ ಆಕಸ್ಮಿಕವಾಗಿ ಕಾಣುವ ಸಂಭವ) 0.05ರ ಗೆರೆ ಎಳೆದರೆ, ನಿಜವಾದ ಸಂಬಂಧ ಒಂದೂ ಇಲ್ಲದಿದ್ದರೂ ಒಂದು ಕೋಟಿ ಜೋಡಿ ಪಾಸಾಗುತ್ತವೆ. ಗೆರೆಯನ್ನು ಜೋಡಿಗಳ ಸಂಖ್ಯೆಯಿಂದ ಭಾಗಿಸಿ ಬಿಗಿಮಾಡುವ ಬಾನ್‌ಫೆರೋನಿ ತಿದ್ದುಪಡಿ ಹಾಕಿದೆ. ಸಹಸಂಬಂಧ (ಏರಿಳಿತದ ಹೊಂದಿಕೆಯ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ) 0.71 ದಾಟಿದ್ದು ಮಾತ್ರ ಉಳಿಯಿತು. ಪಟ್ಟಿ ತೆರೆದು ನೋಡಿದರೆ ಮೇಲಿನ ಪುಟಗಳ ತುಂಬ ಕೋಶದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮ್‌ನ ಜೀನ್‌ಗಳೇ! ಅವು ಒಟ್ಟಿಗೆ ಏರಿಳಿಯುತ್ತವೆ ಅನ್ನುವುದಕ್ಕೆ ನನ್ನ ಡೇಟಾ ಬೇಕಿರಲಿಲ್ಲ.

ಆಮೇಲೆ ಹಿಡಿದದ್ದು ಪಿ-ಮೌಲ್ಯಕ್ಕೆ ತೂಕ ಕೊಡುವ ದಾರಿ. ಸಂಖ್ಯಾಶಾಸ್ತ್ರಜ್ಞರಾದ ಜೆನೊವೀಸ್, ರೋಡರ್, ವಾಸರ್‌ಮನ್ 2006ರಲ್ಲಿ ವಿವರಿಸಿದ ವಿಧಾನ ಅದು. ಮೊದಲೇ ಸಂಬಂಧ ಗೊತ್ತಿರುವ ಜೋಡಿಗೆ ಹೆಚ್ಚು ತೂಕ, ಉಳಿದವಕ್ಕೆ ಕಡಿಮೆ; ತೂಕ ಹೆಚ್ಚಿದಷ್ಟೂ ಪಾಸಾಗುವ ಗೆರೆ ಸಡಿಲ. ಸರಾಸರಿ ಮಾತ್ರ 1 ಇರಲೇಬೇಕು. ನೂರಕ್ಕೆ ಒಂದು ಜೋಡಿಗೆ 50 ಕೊಟ್ಟೆ, ಮಿಕ್ಕವಕ್ಕೆ ಸುಮಾರು ಅರ್ಧ ಉಳಿಯಿತು. ಗೊತ್ತಿರುವ ಜೋಡಿಗಳ ಗೆರೆ 0.66ಕ್ಕೆ ಇಳಿಯಿತು, ಮಿಕ್ಕವುಗಳದ್ದು ಏರಿದ್ದು 0.72ಕ್ಕೆ ಅಷ್ಟೆ. ಇಷ್ಟು ಅಗ್ಗದ ವ್ಯಾಪಾರ ಸಂಖ್ಯಾಶಾಸ್ತ್ರದಲ್ಲಿ ಅಪರೂಪ.

ಆದರೆ ಮೊದಲ ಸಲ ಎಡವಿದೆ. ಪ್ರೋಟೀನ್‌ಗಳ ನಡುವಿನ ನಂಟುಗಳಿಗೆ ಅಂಕ ಕೊಡುವ ಸ್ಟ್ರಿಂಗ್ ಡೇಟಾಬೇಸ್‌ನ ಒಟ್ಟು ಅಂಕವನ್ನೇ ತೂಕಕ್ಕೆ ಆಧಾರ ಮಾಡಿಕೊಂಡಿದ್ದೆ. ಪಟ್ಟಿ ಭರ್ಜರಿಯಾಗಿ ಬೆಳೆಯಿತು, ಎರಡು ದಿನ ಬೀಗಿದೆ. ಆ ಅಂಕದೊಳಗೆ ಸಹ-ಅಭಿವ್ಯಕ್ತಿಯ (ಜೀನ್‌ಗಳು ಒಟ್ಟಿಗೆ ಏರಿಳಿಯುವುದರ) ಪಾಲೂ ಸೇರಿದೆ ಎಂದು ಹೊಳೆದದ್ದು ಆಮೇಲೆ. ಬೇರೆಯವರ ಡೇಟಾದಲ್ಲಿ ಒಟ್ಟಿಗೆ ಕುಣಿದ ಜೀನ್‌ಗಳನ್ನು ನನ್ನ ಡೇಟಾದಲ್ಲೂ ಕುಣಿಯುತ್ತವೆಯೇ ಎಂದು ಕೇಳಿ, ಹೌದು ಅಂದಾಗ ಹೊಸ ಸಾಕ್ಷಿ ಸಿಕ್ಕಿತೆಂದು ಸಂಭ್ರಮಿಸಿದ್ದೆ. ಪ್ರಬಂಧಗಳಲ್ಲಿ ಜೊತೆಯಾಗಿ ಹೆಸರು ಬಂದದ್ದಕ್ಕೂ ಅಲ್ಲಿ ಅಂಕವಿದೆ. ಕ್ಯಾನ್ಸರ್ ಸಂಶೋಧನೆಯಲ್ಲಿ ಪದೇಪದೇ ಬರುವ ಟಿಪಿ53ರಂಥ ಜನಪ್ರಿಯ ಜೀನ್ ಯಾರ ಜೊತೆಗಾದರೂ ನಂಟು ಹೇಳಿಕೊಂಡು ಬರುತ್ತದೆ. ಎರಡನ್ನೂ ಕಿತ್ತುಹಾಕಿ, ಪ್ರಯೋಗದಿಂದ ಬಂದದ್ದು ಮತ್ತು ತಜ್ಞರು ಕೈಯಾರೆ ದಾಖಲಿಸಿದ್ದು, ಇಷ್ಟನ್ನೇ ಇಟ್ಟುಕೊಂಡೆ. ಪಟ್ಟಿ ಸೊರಗಿತು.

ಉಳಿದದ್ದು ದಿಟವೇ ಎಂದು ನೋಡಲು, ಪ್ರತಿ ಜೀನ್‌ಗೆ ಇರುವ ಕೊಂಡಿಗಳ ಸಂಖ್ಯೆ ಹಾಗೇ ಇಟ್ಟು ಗೊತ್ತಿರುವ ಜೋಡಿಗಳ ಜಾಲವನ್ನು ಕಲಸಿ, ಅದೇ ಲೆಕ್ಕ ನೂರು ಸಲ ಓಡಿಸಿದೆ. ಕಲಸಿದ ಜಾಲದಿಂದ ಹೆಚ್ಚುವರಿ ಜೋಡಿಗಳು ಬಹುಮಟ್ಟಿಗೆ ಬರಲಿಲ್ಲ. ಸಮಾಧಾನವಾಯಿತು.

ಹೊಸದಾಗಿ ಒಳಬಂದವುಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆಯಲ್ಲಿ ಕೆಲಸ ಮಾಡುವ ಸ್ಟ್ಯಾಟ್1–ಐಆರ್‌ಎಫ್1 ಜೀನ್ ಜೋಡಿ ನನಗೆ ಅಚ್ಚುಮೆಚ್ಚು: ಸಹಸಂಬಂಧ 0.68. ಮೊದಲನೆಯದು ಎರಡನೆಯದನ್ನು ಚಾಲೂ ಮಾಡುತ್ತದೆಂದು ಗೊತ್ತೇ ಇದೆ. ಆದರೆ ಸ್ಯಾಂಪಲ್‌ಗಳಲ್ಲಿದ್ದ ರೋಗನಿರೋಧಕ ಕೋಶಗಳ ಪ್ರಮಾಣವನ್ನು ಲೆಕ್ಕದಿಂದ ಕಳೆದಾಗ ಅದು 0.3ರ ಆಸುಪಾಸಿಗೆ ಕುಸಿಯಿತು; ಹೊಂದಿಕೆಯ ಬಹುಪಾಲು ಆ ಕೋಶಗಳು ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಹೆಚ್ಚುಕಡಿಮೆ ಇದ್ದುದರಿಂದ ಬಂದದ್ದು. ಈ ಲೆಕ್ಕವನ್ನು ತೂಕ ಹಾಕುವ ಮೊದಲೇ ಮಾಡಬೇಕಿತ್ತು. ಈಗ ಇಡೀ ಪಟ್ಟಿಯನ್ನು ಹಾಗೆ ಮತ್ತೆ ಓಡಿಸುತ್ತಿದ್ದೇನೆ.