ಅಡಾಪ್ಟಿವ್ ಹೆಡ್‌ಲೈಟ್ ಅನ್‌ಲಾಕ್: ಕೋಡಿಂಗ್ ಕಾಲು ಗಂಟೆ, ಉಳಿದದ್ದೆಲ್ಲ ಅಳತೆ

ಎದುರಿಂದ ಗಾಡಿ ಬಂದಾಗ ಹೈಬೀಮ್ ಪೂರ್ತಿ ಆರಿಸದೆ, ಆ ಗಾಡಿ ಇರುವಷ್ಟು ಜಾಗಕ್ಕೆ ಮಾತ್ರ ಕತ್ತಲು ಬಿಟ್ಟು ಉಳಿದ ರಸ್ತೆಗೆ ಬೆಳಕು ಕೊಡುವುದು ಅಡಾಪ್ಟಿವ್ ಹೈಬೀಮ್‌ನ ಕೆಲಸ. ಇದಕ್ಕೆ ಬೇಕಾದ ದೀಪವೂ ಕ್ಯಾಮೆರಾವೂ ಇದ್ದು, ಸಾಫ್ಟ್‌ವೇರ್‌ನಲ್ಲಿ ಮಾತ್ರ ಮುಚ್ಚಿಟ್ಟಿರುವ ಎಲೆಕ್ಟ್ರಿಕ್ ಕಾರುಗಳಿವೆ. ಡಯಾಗ್ನೋಸ್ಟಿಕ್ ಉಪಕರಣವನ್ನು ಕಾರಿಗೆ ಜೋಡಿಸಿ, ಸೆಟ್ಟಿಂಗ್ ಬದಲಿಸಿ ಅದನ್ನು ತೆರೆಯುವುದೇ ಕೋಡಿಂಗ್. ಕಾರಣ ಕೆಲವೊಮ್ಮೆ ವ್ಯಾಪಾರ, ಕೆಲವೊಮ್ಮೆ ಕಾನೂನು. ಅಮೆರಿಕದಲ್ಲಿ ವಾಹನದ ದೀಪಗಳಿಗಿರುವ ಎಫ್‌ಎಂವಿಎಸ್‌ಎಸ್ 108 ನಿಯಮ ಇದಕ್ಕೆ ದಾರಿ ಬಿಟ್ಟದ್ದು 2022ರ ಫೆಬ್ರವರಿಯಲ್ಲಿ. ಟೆಸ್ಲಾ ಕಾರುಗಳಲ್ಲಿ ಇದಕ್ಕೆ ಬೇಕಾದ, ತುಂಡು ತುಂಡಾಗಿ ಉರಿಯುವ ಮ್ಯಾಟ್ರಿಕ್ಸ್ ದೀಪ ಮೊದಲೇ ಇದ್ದರೂ ಯುರೋಪಿನಲ್ಲಿ ಈ ಸೌಲಭ್ಯ ಅಪ್‌ಡೇಟ್ ಮೂಲಕ ಸಿಕ್ಕಿದ್ದು 2024ರಲ್ಲಿ.

ಹಾಗಾಗಿ ಮೊದಲು ಕಂಪನಿಯ ಆ್ಯಪ್ ತೆರೆದು ನೋಡಿ. ಆಡಿ ತನ್ನ ಇ-ಟ್ರಾನ್‌ಗೆ 2020ರಿಂದಲೇ ದೀಪದ ಸೌಲಭ್ಯಗಳನ್ನು ಹಣ ಕಟ್ಟಿ ತೆರೆಸಿಕೊಳ್ಳುವ ವ್ಯವಸ್ಥೆ ಮಾಡಿತ್ತು. ನಿಮ್ಮ ಕಾರಿಗೂ ಅಂಥದ್ದೊಂದು ಇದ್ದರೆ ಕೇಬಲ್ ಹಿಡಿದು ಕೂರುವ ಅಗತ್ಯವೇ ಇಲ್ಲ. ವಾರಂಟಿ ಉಳಿಯುತ್ತದೆ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುವ ಭಯವೂ ಇರುವುದಿಲ್ಲ.

ದೀಪದೊಳಗೆ ಏನಿದೆ ಎಂದು ಖಚಿತಪಡಿಸಿಕೊಳ್ಳಿ

ಇಲ್ಲದ ಎಲ್‌ಇಡಿಯನ್ನು ಯಾವ ಕೋಡಿಂಗೂ ಹುಟ್ಟಿಸುವುದಿಲ್ಲ. ಬೇಸಿಕ್ ಎಲ್‌ಇಡಿ ದೀಪದಲ್ಲಿ ಹೈಬೀಮ್ ಒಂದೇ ತುಂಡಾಗಿ ಹತ್ತುತ್ತದೆ. ಮ್ಯಾಟ್ರಿಕ್ಸ್ ದೀಪದಲ್ಲಿ ಅದು ಬೇರೆ ಬೇರೆಯಾಗಿ ಉರಿಸಬಲ್ಲ ತುಂಡುಗಳಾಗಿ ಒಡೆದಿರುತ್ತದೆ. ಹೊರಗಿಂದ ಎರಡೂ ಒಂದೇ ಥರ ಕಾಣುವುದರಿಂದ ಗಾಜಿನ ಮೇಲಿನ ಗುರುತು ಓದಬೇಕು. ವೃತ್ತದೊಳಗೆ ಇ ಅಕ್ಷರ, ಒಂದು ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ನಿಯಮದಡಿ ಒಪ್ಪಿಗೆ ಪಡೆದ ದೀಪ. ಪಕ್ಕದ ಅಕ್ಷರಗಳು ಎಚ್‌ಸಿಆರ್ ಎಂದಷ್ಟೇ ಇದ್ದರೆ ಸಾಮಾನ್ಯ ದೀಪ. ಎಕ್ಸ್‌ನಿಂದ ಶುರುವಾಗಿದ್ದರೆ ಅಡಾಪ್ಟಿವ್ ವರ್ಗದ್ದು. ಆದರೆ ತಿರುವಿಗೆ ತಕ್ಕಂತೆ ಹೊರಳುವ ದೀಪಕ್ಕೂ ಎಕ್ಸ್ ಇರುತ್ತದೆ, ಆದ್ದರಿಂದ ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ.

ಅಲ್ಲೇ ಬಾಣದ ಗುರುತನ್ನೂ ಹುಡುಕಿ. ದೀಪಕ್ಕೆ ಮುಖ ಮಾಡಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಬದಿಯಲ್ಲಿ ಗಾಡಿ ಓಡುವ ದೇಶದ ದೀಪ. ಎರಡೂ ತುದಿಗೆ ಮೊನೆ ಇದ್ದರೆ ಎರಡೂ ಕಡೆಗೆ ನಡೆಯುತ್ತದೆ. ಬಾಣವೇ ಇಲ್ಲದಿದ್ದರೆ ಬಲಬದಿಯ ಸಂಚಾರದ್ದು. ಆಮದಾದ ಕಾರು ಅಥವಾ ಸೆಕೆಂಡ್‌ಹ್ಯಾಂಡ್ ದೀಪ ಹಾಕಿದವರು ಇಲ್ಲೇ ಎಡವುವುದು.

ಪಕ್ಕಾ ಪರೀಕ್ಷೆ ಡಯಾಗ್ನೋಸ್ಟಿಕ್ ಉಪಕರಣದ ಔಟ್‌ಪುಟ್ ಟೆಸ್ಟ್. ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿ, ಹೆಡ್‌ಲೈಟ್ ಯೂನಿಟ್‌ನ ಟೆಸ್ಟ್ ಓಡಿಸಿ. ಗೋಡೆಯ ಮೇಲೆ ಬೆಳಕಿನ ಪಟ್ಟೆಗಳು ಒಂದಾದ ಮೇಲೊಂದು ಹತ್ತಿ ಆರಿದರೆ ನಿಮ್ಮದು ಮ್ಯಾಟ್ರಿಕ್ಸ್. ಇಡೀ ಹೈಬೀಮ್ ಒಮ್ಮೆಲೇ ಹತ್ತಿದರೆ, ಪಟ್ಟಿಯಲ್ಲಿ ಬೇರೆ ಆಯ್ಕೆಯೂ ಇಲ್ಲದಿದ್ದರೆ, ಕೆಲಸ ಅಲ್ಲಿಗೇ ಬಿಡಿ. ದೀಪಗಳನ್ನೇ ಬದಲಾಯಿಸಿದರಾಯಿತು ಎಂದುಕೊಂಡರೂ ಹೊಸ ವೈರಿಂಗ್, ಹೊಸ ಕಂಟ್ರೋಲ್ ಯೂನಿಟ್ (ದೀಪವನ್ನು ನಡೆಸುವ ಪುಟ್ಟ ಕಂಪ್ಯೂಟರ್), ಕದ್ದ ಬಿಡಿಭಾಗ ತಡೆಯುವ ಕಾಂಪೊನೆಂಟ್ ಪ್ರೊಟೆಕ್ಷನ್, ಇಷ್ಟೂ ಎದುರಾಗುತ್ತವೆ.

ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರಲೇಬೇಕು. ಮಳೆ, ಬೆಳಕು ಅಳೆಯುವ ಸೆನ್ಸರ್ ಕ್ಯಾಮೆರಾ ಅಲ್ಲ. ವಿಶ್ವಸಂಸ್ಥೆಯ 48ನೇ ನಿಯಮದ ಪ್ರಕಾರ ಈ ವ್ಯವಸ್ಥೆ ಎದುರಿನ ವಾಹನವನ್ನು ಕನಿಷ್ಠ 400 ಮೀಟರ್, ಮುಂದೆ ಹೋಗುತ್ತಿರುವುದನ್ನು 100 ಮೀಟರ್, ಎದುರಿನ ಸೈಕಲ್ಲನ್ನು 75 ಮೀಟರ್ ದೂರದಿಂದ ಗುರುತಿಸಬೇಕು.

ವೋಲ್ಟೇಜ್, ಬ್ಯಾಕಪ್, ಬೀಗ

ದೊಡ್ಡ ಬ್ಯಾಟರಿ ತುಂಬಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಕಂಟ್ರೋಲ್ ಯೂನಿಟ್‌ಗಳು ನಡೆಯುವುದು ಚಿಕ್ಕ 12 ವೋಲ್ಟ್ ಬ್ಯಾಟರಿಯ ಮೇಲೆ. ಬರೀ ಇಗ್ನಿಷನ್ ಆನ್ ಮಾಡಿ ಕೂತರೆ ಹಲವು ಕಾರುಗಳಲ್ಲಿ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಎಚ್ಚರವಾಗುವುದೇ ಇಲ್ಲ, ಹೆಡ್‌ಲೈಟ್ ಉರಿದಷ್ಟೂ ಚಿಕ್ಕ ಬ್ಯಾಟರಿ ಇಳಿಯುತ್ತದೆ. ಬರೆಯುವ ಮಧ್ಯೆ ವೋಲ್ಟೇಜ್ ಕುಸಿದರೆ ಯೂನಿಟ್ ಅರ್ಧಂಬರ್ಧ ಸ್ಥಿತಿಯಲ್ಲಿ ನಿಲ್ಲಬಹುದು. 13.5 ವೋಲ್ಟ್ ಸ್ಥಿರವಾಗಿ ಕೊಡುವ ಪವರ್ ಸಪ್ಲೈ ಜೋಡಿಸಿ. ನಿಮ್ಮ ಕಾರಿನ ಚಿಕ್ಕ ಬ್ಯಾಟರಿ ಲಿಥಿಯಂ ಆಗಿದ್ದರೆ ಲೆಡ್-ಆಸಿಡ್ ಚಾರ್ಜರ್ ಹತ್ತಿರಕ್ಕೂ ತರಬೇಡಿ. ಚಾರ್ಜಿಂಗ್ ಗನ್ ತೆಗೆದಿರಲಿ. ಹೈವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ, ಮುಟ್ಟಬೇಡಿ.

ನಂತರ ಎಲ್ಲ ಯೂನಿಟ್‌ಗಳ ಫುಲ್ ಸ್ಕ್ಯಾನ್ ಮಾಡಿ ಉಳಿಸಿಕೊಳ್ಳಿ. ಲಾಂಗ್ ಕೋಡಿಂಗ್ (ಯೂನಿಟ್‌ನ ಆಯ್ಕೆಗಳನ್ನು ಒಟ್ಟಾಗಿ ಹೇಳುವ ಉದ್ದ ಸಂಕೇತ) ಜೊತೆಗೆ ಅಡಾಪ್ಟೇಶನ್ (ಒಂದೊಂದಾಗಿ ಬದಲಿಸುವ ಸೆಟ್ಟಿಂಗ್) ಮೌಲ್ಯಗಳನ್ನೂ ಪೂರ್ತಿ ಇಳಿಸಿಕೊಳ್ಳಿ. ಬದಲಾಯಿಸಬೇಕಾದ ಹೆಚ್ಚಿನ ಸಂಗತಿ ಇರುವುದು ಅಡಾಪ್ಟೇಶನ್‌ನಲ್ಲೇ, ಆದರೆ ಬ್ಯಾಕಪ್ ಮಾಡುವಾಗ ಜನ ಮರೆಯುವುದೂ ಅದನ್ನೇ. ಹಳೆಯ ದೋಷಗಳೇನಾದರೂ ಇದ್ದರೆ ಈಗಲೇ ಸರಿಪಡಿಸಿ. ಇಲ್ಲದಿದ್ದರೆ ಆಮೇಲೆ ಬಂದ ದೋಷ ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಬಿಡಿಸಲಾಗದು.

ಫೋಕ್ಸ್‌ವ್ಯಾಗನ್‌ನ ಐಡಿ ಸರಣಿಯಂಥ ಕಾರುಗಳಲ್ಲಿ ಯೂನಿಟ್‌ಗಳಿಗೆ ಎಸ್‌ಎಫ್‌ಡಿ ಎಂಬ ಬೀಗವಿದೆ. ಉಪಕರಣ ಇಂಟರ್ನೆಟ್ ಮೂಲಕ ಟೋಕನ್ ತರಿಸಿ ಯೂನಿಟ್ ತೆರೆಯಬೇಕು. ತೆರೆದದ್ದು 90 ನಿಮಿಷಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಏನು ಬದಲಿಸಬೇಕು ಎಂಬ ಪಟ್ಟಿ ಕೈಯಲ್ಲಿರಲಿ. ನೆಟ್‌ವರ್ಕ್ ಸಿಗದ ನೆಲಮಾಳಿಗೆಯ ಪಾರ್ಕಿಂಗ್ ಇದಕ್ಕೆ ತಕ್ಕ ಜಾಗವಲ್ಲ. ಟೆಸ್ಲಾದಂಥ ಕಾರಿಗೆ ಓಬಿಡಿ (ಕಾರಿನ ಡಯಾಗ್ನೋಸ್ಟಿಕ್ ಸಾಕೆಟ್) ಆ್ಯಪ್‌ಗಳಿಂದ ಪ್ರಯೋಜನವಿಲ್ಲ, ಅಪ್‌ಡೇಟ್ ಕಾಯುವುದೇ ದಾರಿ.

ಬರೆಯುವುದು

ಒಂದು ಸಲಕ್ಕೆ ಒಂದೇ ಯೂನಿಟ್. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಉಪಕರಣದ ಪಟ್ಟಿಯಲ್ಲಿ ಮುಂದಿನ ಕ್ಯಾಮೆರಾ ಎ5, ಬಾಡಿ ಯೂನಿಟ್ (ದೀಪ, ವೈಪರ್ ಮುಂತಾದವನ್ನು ನಡೆಸುವುದು) 09, ಪರದೆ 5ಎಫ್. ಕ್ಯಾಮೆರಾದಿಂದ ಶುರು ಮಾಡಿ, ಆಮೇಲೆ ಬಾಡಿ ಯೂನಿಟ್, ಕೊನೆಗೆ ಪರದೆಯ ಮೆನು. ಪ್ರತಿ ಬದಲಾವಣೆಯ ನಂತರ ಮತ್ತೆ ಓದಿ, ಬರೆದದ್ದು ನಿಂತಿದೆಯೇ ಎಂದು ನೋಡಿ. ಬಾಡಿ ಯೂನಿಟ್ ಮ್ಯಾಟ್ರಿಕ್ಸ್ ಕೇಳುತ್ತಿದ್ದು ಕ್ಯಾಮೆರಾ ಇನ್ನೂ ಬರೀ ಹೈಬೀಮ್ ಆನ್-ಆಫ್ ಸಂದೇಶ ಕಳಿಸುತ್ತಿದ್ದರೆ ದೋಷ ಕಾಣುವುದು ಸಹಜ, ಎರಡೂ ಕಡೆ ಹೊಂದಿದ ಮೇಲೆ ಅಳಿಸಿ. ಬೇರೆಯವರ ಕಾರಿನ ಲಾಂಗ್ ಕೋಡಿಂಗನ್ನು ಇಡಿಯಾಗಿ ಅಂಟಿಸಬೇಡಿ. ಅದರಲ್ಲಿ ದೀಪಕ್ಕೆ ಸಂಬಂಧವೇ ಇಲ್ಲದ ವೈಪರ್, ಅಲಾರಂ, ಬಾಗಿಲು ಎಲ್ಲವೂ ಇರುತ್ತವೆ.

ಮುಗಿದ ಮೇಲೆ ಕಾರು ಲಾಕ್ ಮಾಡಿ, ಕೀ ದೂರವಿಟ್ಟು 15 ನಿಮಿಷ ಬಿಡಿ. ಯೂನಿಟ್‌ಗಳು ನಿದ್ರೆಗೆ ಹೋಗಿ ಎದ್ದಾಗಲೇ ಕೆಲವು ಬದಲಾವಣೆ ಜಾರಿಗೆ ಬರುತ್ತದೆ.

ಗೋಡೆ ಮತ್ತು ಟೇಪು

ಅನ್‌ಲಾಕ್ ಆಯಿತು ಎಂದು ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ, ಎದುರಿನವರ ಕಣ್ಣು ಕುಕ್ಕುವವರೂ ಅವರೇ. ಲೆಕ್ಕ ನೋಡಿ: ದೀಪ ಅಡ್ಡಕ್ಕೆ 1 ಡಿಗ್ರಿ ತಪ್ಪಿದರೆ 100 ಮೀಟರ್ ದೂರದಲ್ಲಿ ಕತ್ತಲ ಕಿಂಡಿ ಸುಮಾರು 1.75 ಮೀಟರ್ ಸರಿಯುತ್ತದೆ. ಅದು ಒಂದು ಕಾರಿನಷ್ಟು ಅಗಲ. ಅಂದರೆ ಕತ್ತಲು ಪಕ್ಕದ ಪೊದೆಗೆ, ಪೂರ್ತಿ ಹೈಬೀಮ್ ಎದುರಿನ ಚಾಲಕನ ಮುಖಕ್ಕೆ.

ಸಮತಟ್ಟು ನೆಲ, ಸರಿಯಾದ ಟೈರ್ ಗಾಳಿ, ಖಾಲಿ ಡಿಕ್ಕಿ, ಚಾಲಕನ ಸೀಟಿನಲ್ಲಿ ಒಬ್ಬರು. ದೀಪದ ನಡುಬಿಂದುವಿನ ಎತ್ತರ ಅಳೆಯಿರಿ. ಹೌಸಿಂಗ್ ಮೇಲೆ ಅಥವಾ ಬಾನೆಟ್ ಅಡಿಯ ಸ್ಟಿಕ್ಕರ್ ಮೇಲೆ 1.0% ಅಥವಾ 1.3% ಥರದ ಸಂಖ್ಯೆ ಇರುತ್ತದೆ. 10 ಮೀಟರ್ ದೂರದ ಗೋಡೆಯಲ್ಲಿ 1% ಅಂದರೆ 10 ಸೆಂಟಿಮೀಟರ್ ಇಳಿತ. ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಲೋಬೀಮ್‌ನ ಅಂಚು 55ರಲ್ಲಿ ಬೀಳಬೇಕು, 1.3% ಇದ್ದರೆ 52ರಲ್ಲಿ. ಟೇಪು ಅಂಟಿಸಿ, ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದನ್ನು ಹೊಂದಿಸಿ. ಮೊದಲು ಡಯಾಗ್ನೋಸ್ಟಿಕ್‌ನಲ್ಲಿ ಬೇಸಿಕ್ ಸೆಟ್ಟಿಂಗ್ ಶುರು ಮಾಡಿ, ದೀಪಗಳು ಸೊನ್ನೆ ಸ್ಥಾನಕ್ಕೆ ಬಂದ ನಂತರವೇ ಸ್ಕ್ರೂ ತಿರುಗಿಸಿ, ಆಮೇಲೆ ಆ ಸ್ಥಾನವನ್ನು ಉಳಿಸಿ. ಈ ಕ್ರಮ ತಪ್ಪಿದರೆ ತಪ್ಪು ಸ್ಥಾನವೇ ಸರಿ ಎಂದು ದಾಖಲಾಗುತ್ತದೆ. ಅಡ್ಡ ಅಳತೆಗೆ ಗೋಡೆ ಸಾಲದು, ವರ್ಕ್‌ಶಾಪಿನಲ್ಲಿ ದೀಪದ ದಿಕ್ಕು ಅಳೆಯುವ ಬೀಮ್ ಸೆಟ್ಟರ್ ಬೇಕು.

ರಸ್ತೆಯಲ್ಲಿ

ಬೀದಿದೀಪವಿಲ್ಲದ ನೇರ ರಸ್ತೆ, ಲೈಟ್ ಸ್ವಿಚ್ ಆಟೋ ಸ್ಥಾನದಲ್ಲಿ. ನಿಧಾನ ವೇಗದಲ್ಲಿ ಇದು ಕೆಲಸ ಮಾಡುವುದಿಲ್ಲ. ಅಮೆರಿಕದ ನಿಯಮದಲ್ಲಂತೂ ಗಂಟೆಗೆ 32 ಕಿ.ಮೀ. ಒಳಗೆ ಲೋಬೀಮ್ ಮಾತ್ರ. ತೀರ್ಪು ಕೊಡಬೇಕಾದವರು ನೀವಲ್ಲ, ಎದುರಿನ ಗಾಡಿಯಲ್ಲಿ ಕೂತ ಸ್ನೇಹಿತರು. ಅವರನ್ನು ಫೋನ್‌ನಲ್ಲಿಟ್ಟುಕೊಂಡು ಎದುರಿಂದ, ಹಿಂದಿನಿಂದ, ತಿರುವಿನಲ್ಲಿ, ದಿಣ್ಣೆಯ ಮೇಲೆ ಪರೀಕ್ಷಿಸಿ. ದಿಣ್ಣೆಯಲ್ಲಿ ಎದುರಿನ ದೀಪ ಕಾಣುವವರೆಗೂ ಕ್ಯಾಮೆರಾಗೆ ಏನೂ ತಿಳಿಯದು, ಅರೆಕ್ಷಣದ ಮಿಂಚು ದೋಷವಲ್ಲ.

ಹೈಬೀಮ್ ಇಡಿಯಾಗಿ ಹತ್ತಿ ಆರುತ್ತಿದ್ದರೆ ಮೆನು ತೆರೆದಿದೆ, ಮ್ಯಾಟ್ರಿಕ್ಸ್ ತೆರೆದಿಲ್ಲ; ಬಾಡಿ ಯೂನಿಟ್ ಮತ್ತೆ ನೋಡಿ. ಕತ್ತಲು ತಪ್ಪು ಬದಿಗೆ ಬೀಳುತ್ತಿದ್ದರೆ ಎಡ-ಬಲ ಸಂಚಾರದ ಆಯ್ಕೆ ಉಲ್ಟಾ ಆಗಿರಬಹುದು. ಕತ್ತಲು ತಡವಾಗಿ ಬರುತ್ತಿದ್ದರೆ ಕ್ಯಾಮೆರಾ ಎದುರಿನ ಗಾಜು ಒಳಗಿನಿಂದ ಒರೆಸಿ. ಗಾಜು ಬದಲಾದ ಕಾರಾದರೆ ಟಾರ್ಗೆಟ್ ಬೋರ್ಡ್ ಇಟ್ಟು ಕ್ಯಾಲಿಬ್ರೇಶನ್ ಮಾಡಿಸಿ. ಒಂದೇ ದೀಪ ತಪ್ಪು ಮಾಡುತ್ತಿದ್ದರೆ ಆ ಬದಿಯ ಹೊಂದಾಣಿಕೆ ಅಥವಾ ಸಸ್ಪೆನ್ಶನ್‌ನ ಎತ್ತರ ಅಳೆಯುವ ಸೆನ್ಸರ್. ಹೊಳೆಯುವ ಸೂಚನಾ ಫಲಕ ನೋಡಿ ದೀಪ ತಗ್ಗಿದರೆ ಚಿಂತಿಸಬೇಡಿ.

ನೋಂದಣಿ, ವಿಮೆಯ ವಿಷಯ ಬೇರೆ. ನಿಮ್ಮ ದೇಶದ ಒಪ್ಪಿಗೆಯಲ್ಲಿ ಈ ಸೌಲಭ್ಯ ಇಲ್ಲದ ಕಾರಿನಲ್ಲಿ ತೆರೆದರೆ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಯುರೋಪಿನ ದೀಪದ ಸೆಟ್ಟಿಂಗ್ ಹಾಕಿದ ಮಾತ್ರಕ್ಕೆ ಅಮೆರಿಕದ ನಿಯಮಕ್ಕೆ ಹೊಂದಿದಂತಾಗುವುದಿಲ್ಲ, ಎರಡರ ಪರೀಕ್ಷೆಗಳೇ ಬೇರೆ.

ಕಂಪನಿಯ ಪ್ರತಿ ಅಪ್‌ಡೇಟ್ ಬಳಿಕ ಔಟ್‌ಪುಟ್ ಟೆಸ್ಟ್ ಮತ್ತೊಮ್ಮೆ ಓಡಿಸಿ. ಒಂದು ಯೂನಿಟ್ ಹಳೆಯ ಸ್ಥಿತಿಗೆ ಮರಳಿ ಇನ್ನೊಂದು ಹಾಗೇ ಉಳಿದರೆ ಸ್ನೇಹಿತರ ಕಣ್ಣಿಗೆ ಗೊತ್ತಾಗುತ್ತದೆ, ಡ್ಯಾಶ್‌ಬೋರ್ಡ್ ಎಚ್ಚರಿಸದೆಯೂ ಇರಬಹುದು. ಎಷ್ಟು ಹೊಂದಿಸಿದರೂ ಕತ್ತಲ ಕಿಂಡಿ ನಿಲ್ಲದಿದ್ದರೆ ಬರೆದ ಕ್ರಮಕ್ಕೆ ಉಲ್ಟಾ ಹೋಗಿ: ಮೊದಲು ಪರದೆ, ಆಮೇಲೆ ಬಾಡಿ ಯೂನಿಟ್, ಕೊನೆಗೆ ಕ್ಯಾಮೆರಾ. ದೋಷ ಅಳಿಸಿ, ಹಳೆಯ ಸ್ಕ್ಯಾನ್ ಜೊತೆ ಸಾಲು ಸಾಲಾಗಿ ತಾಳೆ ನೋಡಿ.